ಮುಟ್ಟು ನಿಂತ ಮೇಲೆ ಒಣಗಿ ಉರಿಯುವ ಚರ್ಮಕ್ಕೆ ಏನು ಮಾಡಬೇಕು?

ಪ್ರಶ್ನೆ (ಕೋಥ್ರೂಡ್, ಪುಣೆ)

ನನಗೆ 49 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ಧಾರವಾಡದಿಂದ ಪುಣೆಗೆ ಬಂದು ಇಪ್ಪತ್ತು ಚಳಿಗಾಲಗಳನ್ನು ಕಳೆದಿದ್ದೇನೆ, ಆದರೆ ಮೊಣಕಾಲಿನ ಕೆಳಗೆ ಚರ್ಮ ಹೀಗೆ ಬಿರಿದು ಹೊಟ್ಟು ಎದ್ದದ್ದು ಇದೇ ಮೊದಲು. ರಾತ್ರಿ ತುರಿಕೆಯಿಂದ ನಿದ್ದೆ ಹತ್ತುವುದಿಲ್ಲ. ವರ್ಷಗಟ್ಟಲೆ ಒಗ್ಗಿದ್ದ ಕ್ರೀಮ್ ಈಗ ಮುಖದ ಮೇಲೆ ಉರಿಯುತ್ತದೆ. ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚಿಕೊಂಡಾಗ ಕೆನ್ನೆಯೆಲ್ಲ ಕೆಂಪಾಯಿತು. ಈ ಹಂತ ದಾಟಿದ ಅಕ್ಕಂದಿರು ದಯವಿಟ್ಟು ತಿಳಿಸಬೇಕು.

ಉತ್ತರ (ಡೊಂಬಿವಿಲಿ)

ನಿಂಬೆರಸವನ್ನು ಇಂದೇ ಬಿಟ್ಟುಬಿಡಿ, ತಂಗಿ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದಂತೆ ಚರ್ಮದ ಎಣ್ಣೆಪಸೆಯೂ ನೀರನ್ನು ಹಿಡಿದಿಡುವ ಶಕ್ತಿಯೂ ಕುಗ್ಗುತ್ತವೆ; ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಿ ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಎಂಬ ಪ್ರೋಟೀನು ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಅಂಥ ಚರ್ಮಕ್ಕೆ ಹುಳಿಯನ್ನೂ ಉಜ್ಜುವಿಕೆಯನ್ನೂ ತಾಳುವ ಬಲವಿರುವುದಿಲ್ಲ.

ನನ್ನ ತಪ್ಪು ಬೇರೆಯಾಗಿತ್ತು. ಮುಂಬೈಯ ಹವೆಯಲ್ಲಿ ತೇವವಿದೆಯೆಂದು ನಂಬಿದ್ದೆ, ಆದರೆ ದಿನವಿಡೀ ಕುಳಿತಿರುತ್ತಿದ್ದದ್ದು ಆಫೀಸಿನ ಎಸಿಯಲ್ಲಿ. ಮನೆಗೆ ಬಂದು ಗೀಸರಿನ ಸುಡುನೀರಿನಲ್ಲಿ ಮೈತುಂಬ ಸೋಪು ಹಚ್ಚಿ ಎರಡನೆಯ ಸ್ನಾನ ಮಾಡುತ್ತಿದ್ದೆ. ಚರ್ಮವೈದ್ಯರು ಮೊದಲು ಬದಲಿಸಿದ್ದು ಇದನ್ನೇ: ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗಿನ ಸ್ನಾನ, ಸೋಪು ಕಂಕುಳು, ತೊಡೆಸಂದು ಮತ್ತು ಪಾದಗಳಿಗೆ ಮಾತ್ರ. ಟವಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದ ತೇವ ಕಾಯುವ ಕೊಬ್ಬಿನಂಶ) ಇರುವ, ಪರಿಮಳವಿಲ್ಲದ ಗಟ್ಟಿ ಕ್ರೀಮನ್ನು ಹಚ್ಚಿಕೊಳ್ಳಬೇಕು. ಒಣಗಿದ ಮೇಲೆ ಹಚ್ಚಿದರೆ ಅದೇ ಕ್ರೀಮು ಅಷ್ಟು ಕೆಲಸ ಮಾಡುವುದಿಲ್ಲ. ಕಾಲಿಗೆ ರಾತ್ರಿ ಪೆಟ್ರೋಲಿಯಂ ಜೆಲ್ಲಿ ಸಾಕು. ಯೂರಿಯಾ ಇರುವ ಕ್ರೀಮು ಹಿಮ್ಮಡಿಗೆ ಒಳ್ಳೆಯದು, ಆದರೆ ಬಿರಿದ ಜಾಗಕ್ಕೆ ಉರಿಯುತ್ತದೆ.

ಉತ್ತರ (ಮಡಗಾಂವ್, ಗೋವಾ)

ಮೇಲಿನ ಮಾತೆಲ್ಲ ಸರಿ. ಎರಡು ವಿಷಯ ಸೇರಿಸುತ್ತೇನೆ. ಔಷಧದ ಅಂಗಡಿಯವರು ಕೊಟ್ಟರೆಂದು ಸ್ಟೆರಾಯ್ಡ್ ಇರುವ ಮುಲಾಮನ್ನು ಮುಖಕ್ಕೆ ಹಚ್ಚಬೇಡಿ. ಮೊದಲ ವಾರ ಹಿತವೆನಿಸಿದರೂ ಚರ್ಮ ತೆಳುವಾಗಿ, ಬಿಟ್ಟೊಡನೆ ಉರಿ ಇಮ್ಮಡಿಯಾಗುತ್ತದೆ. ಇನ್ನೊಂದು, ಥೈರಾಯ್ಡ್ ಕುಂದಿದರೂ ಸಕ್ಕರೆ ಕಾಯಿಲೆ ಇದ್ದರೂ ಚರ್ಮ ಹೀಗೆಯೇ ಒಣಗುತ್ತದೆ. ನನ್ನ ಅತ್ತಿಗೆ ಎರಡು ವರ್ಷ ಎಲ್ಲವನ್ನೂ ಮುಟ್ಟಿನ ಲೆಕ್ಕಕ್ಕೇ ಬರೆದುಕೊಂಡು ಕೂತಿದ್ದರು. ಕೊನೆಗೆ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ತೊಂದರೆ ಗೊತ್ತಾಯಿತು.

ಪ್ರಶ್ನೆ ಕೇಳಿದವರು

ನಿದ್ದೆ ಕೆಡಿಸುವ ತುರಿಕೆಯನ್ನು ಇಷ್ಟು ದಿನ ವೈದ್ಯರಿಗೆ ಹೇಳದೆ ಇದ್ದದ್ದು ತಪ್ಪೆಂದು ಈಗ ಅನಿಸುತ್ತಿದೆ. ಸೋಮವಾರ ಥೈರಾಯ್ಡ್ ಮತ್ತು ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸುತ್ತೇನೆ. ಗೀಸರಿನ ಬಿಸಿಯನ್ನು ಇಂದು ಬೆಳಿಗ್ಗೆಯೇ ಇಳಿಸಿದ್ದೇನೆ.