‘ಮರುಸ್ಥಾಪಿಸು’ ಎಂದರೆ ಮತ್ತೆ ಹಾಕುವುದೋ, ಮರಳಿ ತರುವುದೋ?

ಪದಬಲ್ಲವರಿಗೆ ನಮಸ್ಕಾರ.

ಒಂದು ಪದದಿಂದ ಆದ ಸಣ್ಣ ಎಡವಟ್ಟನ್ನು ಮೊದಲು ಹೇಳಿ, ಆಮೇಲೆ ಪ್ರಶ್ನೆಗೆ ಬರುತ್ತೇನೆ.

ಅತ್ತಿಗೆಯ ಮನೆಯಲ್ಲಿ ಒಂದು ಮೀಡಿಯಾ ಸರ್ವರ್ ಇದೆ. ಹಳೆಯ ಕಂಪ್ಯೂಟರ್, ಅದರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ, ಅದರ ಮೇಲೆ ಚಿತ್ರ, ಹಾಡುಗಳನ್ನು ಪಟ್ಟಿ ಮಾಡಿ ಮನೆಯ ಪರದೆಗಳಿಗೆ ಒದಗಿಸುವ ಜೆಲ್ಲಿಫಿನ್ ಎಂಬ ಸರ್ವರ್ ತಂತ್ರಾಂಶ. ಲಿನಕ್ಸ್ ಇದ್ದದ್ದು ಒಂದು ಚಿಕ್ಕ ಎಸ್‌ಎಸ್‌ಡಿಯಲ್ಲಿ. ಚಲನಚಿತ್ರ, ಹಾಡು, ಮಕ್ಕಳ ವಿಡಿಯೊ ಎಲ್ಲ ಇದ್ದದ್ದು ಬೇರೆಯೇ ಆದ ದೊಡ್ಡ ಡಿಸ್ಕಿನಲ್ಲಿ. ಎಸ್‌ಎಸ್‌ಡಿ ಕೆಡುವ ಲಕ್ಷಣ ಕಂಡಾಗ, ಹೊಸದನ್ನು ಹಾಕುವ ಮೊದಲೇ ಸರ್ವರನ್ನು ನಿಲ್ಲಿಸಿ ಅದರ ದತ್ತಾಂಶ ಮತ್ತು ಸೆಟ್ಟಿಂಗ್‌ಗಳ ಕೋಶಗಳನ್ನು (ಫೋಲ್ಡರ್‌ಗಳನ್ನು) ದೊಡ್ಡ ಡಿಸ್ಕಿಗೆ ನಕಲಿಸಿಟ್ಟೆವು. (ನಿಲ್ಲಿಸದೆ ನಕಲಿಸಬಾರದು. ಅದರ ದತ್ತಸಂಚಯ, ಎಂದರೆ ಡೇಟಾಬೇಸ್, ಎಲ್ಲವನ್ನೂ ಒಂದೇ ಕಡತದಲ್ಲಿ ಬರೆದಿಡುವ ಎಸ್‌ಕ್ಯೂಲೈಟ್ ಬಗೆಯದು. ಬರೆಯುತ್ತಿರುವಾಗಲೇ ನಕಲಿಸಿದರೆ ಅರ್ಧಂಬರ್ಧ ಪ್ರತಿ ಕೈಗೆ ಸಿಗಬಹುದು.) ಮುಂದಿನ ಹೆಜ್ಜೆಗಳನ್ನು ನಾನು ಕನ್ನಡದಲ್ಲಿ ಬರೆದು ಕಳುಹಿಸಿದೆ. ಅದರಲ್ಲಿ ಎರಡು ಸಾಲು ಹೀಗಿದ್ದವು:

“ಸರ್ವರ್ ತಂತ್ರಾಂಶವನ್ನು ಮರುಸ್ಥಾಪಿಸಿ. ಬಳಿಕ ಬ್ಯಾಕಪ್‌ನಿಂದ ಸಂಗ್ರಹವನ್ನು ಮರುಸ್ಥಾಪಿಸಿ.”

ಅತ್ತಿಗೆ ಮೊದಲನೆಯ ಸಾಲನ್ನು ಮಾಡಿ ಮುಗಿಸಿದರು. ಎರಡನೆಯದನ್ನು ಓದಿ, ಮೈದುನ ಹೇಳಿದ್ದನ್ನೇ ಇನ್ನೊಮ್ಮೆ ಒತ್ತಿ ಹೇಳಿದ್ದಾನೆ ಎಂದುಕೊಂಡು ಬ್ರೌಸರ್ ತೆರೆದರು. ಸರ್ವರ್ ಹೊಸ ಖಾತೆಗೆ ಹೆಸರು ಕೇಳಿತು, ಕೊಟ್ಟರು. ಚಿತ್ರಗಳು ಎಲ್ಲಿವೆ ಎಂದು ಕೇಳಿತು, ತೋರಿಸಿದರು. ಅದು ಡಿಸ್ಕನ್ನೆಲ್ಲ ಜಾಲಾಡಿ ಅಚ್ಚುಕಟ್ಟಾದ ಪಟ್ಟಿ ಮಾಡಿತು. ಚಿತ್ರಗಳೇನೋ ಎಲ್ಲವೂ ಇದ್ದವು. ಆದರೆ ಯಾವುದನ್ನು ನೋಡಿ ಮುಗಿಸಿದ್ದರು, ಯಾವುದನ್ನು ಎಲ್ಲಿ ನಿಲ್ಲಿಸಿದ್ದರು, ಮಕ್ಕಳ ಖಾತೆಗೆ ಏನೇನು ಕಡಿವಾಣ ಹಾಕಿದ್ದರು, ಕೈಯಾರೆ ತಿದ್ದಿದ ಶೀರ್ಷಿಕೆಗಳು ಯಾವುವು, ಇವುಗಳಲ್ಲಿ ಒಂದೂ ಇರಲಿಲ್ಲ. ನಕಲಿಸಿಟ್ಟ ಕೋಶ ಮುಟ್ಟದೆ ಹಾಗೆಯೇ ಉಳಿದಿತ್ತು, ಆದ್ದರಿಂದ ಅಳುವಂಥದ್ದೇನೂ ಆಗಲಿಲ್ಲ. ಆದರೆ ಒಂದು ಸಂಜೆ ಹೋಯಿತು, ಮತ್ತು ನನ್ನ ಕನ್ನಡದ ಮೇಲೆ ಅತ್ತಿಗೆಗಿದ್ದ ನಂಬಿಕೆಯಲ್ಲಿ ಸ್ವಲ್ಪ ಭಾಗವೂ ಹೋಯಿತು.

ಇಂಗ್ಲಿಷಿನ ‘ರೀಇನ್‌ಸ್ಟಾಲ್’ ಮತ್ತು ‘ರಿಸ್ಟೋರ್’ ಎರಡಕ್ಕೂ ನಾನು ‘ಮರುಸ್ಥಾಪಿಸು’ ಎಂದು ಬರೆದಿದ್ದೆ. ಇದು ನನ್ನ ಸ್ವಂತ ಸೃಷ್ಟಿಯಲ್ಲ. ಕನ್ನಡಕ್ಕೆ ತಂದ ತಂತ್ರಾಂಶದ ಪರದೆಗಳಲ್ಲಿ ಎರಡೂ ಅರ್ಥದಲ್ಲಿ ಈ ಪದವನ್ನು ನೋಡಿದ್ದೇನೆ, ಅಲ್ಲಿಂದಲೇ ಕೈಗೆ ಅಂಟಿಕೊಂಡಿತು. ಆದರೆ ಈ ಎರಡು ಕೆಲಸಗಳು ಒಂದಕ್ಕೊಂದು ವಿರುದ್ಧ. ಮೊದಲನೆಯದರಲ್ಲಿ ಹಿಂದಿನ ಯಾವ ನೆನಪೂ ಇಲ್ಲದ ಹೊಸ ಸರ್ವರ್ ಬರುತ್ತದೆ. ಎರಡನೆಯದರಲ್ಲಿ ಹಳೆಯ ನೆನಪು ಬರುತ್ತದೆ.

‘ಮರು’ ಎಂಬುದನ್ನು ನೋಡಿ. ಮರುದಿನ, ಮರುಮಾತು, ಮರುಮುದ್ರಣ, ಮರುಹುಟ್ಟು. ಎಲ್ಲ ಕಡೆಯೂ ಅದು ‘ಇನ್ನೊಂದು’, ‘ಇನ್ನೊಮ್ಮೆ’ ಎನ್ನುತ್ತದೆಯೇ ಹೊರತು ‘ಹಿಂದೆ ಇದ್ದ ಹಾಗೆಯೇ’ ಎನ್ನುವುದಿಲ್ಲ. ಮರುದಿನ ನಿನ್ನೆಯಲ್ಲ. ಮರುಹುಟ್ಟಿನಲ್ಲಿ ಹಿಂದಿನ ಜನ್ಮ ನೆನಪಿರುವುದಿಲ್ಲ. ಹಾಗಾಗಿ ‘ಮರುಸ್ಥಾಪನೆ’ ರೀಇನ್‌ಸ್ಟಾಲ್‌ಗೆ ಸರಿಯಾಗಿ ಹೊಂದುತ್ತದೆ, ರಿಸ್ಟೋರ್‌ಗೆ ಹೊಂದುವುದಿಲ್ಲ ಎಂಬುದು ನನ್ನ ಅನಿಸಿಕೆ. ಅತ್ತಿಗೆ ಓದಿಕೊಂಡದ್ದೇ ಸರಿಯಾದ ಅರ್ಥ, ತಪ್ಪು ಬರೆದವನದು.

ಇಲ್ಲೇ ಒಂದು ಅಡ್ಡಮಾತು. ಇನ್‌ಸ್ಟಾಲ್‌ಗೆ ಕೆಲವರು ‘ಅನುಸ್ಥಾಪನೆ’ ಎನ್ನುತ್ತಾರೆ. ಅನುಜ ಎಂದರೆ ಬಳಿಕ ಹುಟ್ಟಿದವನು, ಅನುಸರಿಸುವುದೆಂದರೆ ಹಿಂದೆ ಹೋಗುವುದು. ಮೊದಲ ಸಲ ಹಾಕುವ ತಂತ್ರಾಂಶ ಯಾವುದರ ಹಿಂದೆ ಹೋಗುತ್ತದೆಯೋ ನನಗೆ ಈವರೆಗೆ ಹೊಳೆದಿಲ್ಲ. ಬರಿಯ ‘ಸ್ಥಾಪನೆ’ಗೆ ಏನು ಕೊರತೆ?

ಇನ್ನು ರಿಸ್ಟೋರ್. ಕೈಗೆ ಸಿಕ್ಕ ಪದಗಳನ್ನೆಲ್ಲ ಇಟ್ಟು ನೋಡಿದೆ. ‘ಪುನಃಸ್ಥಾಪನೆ’ ಎಂದರೆ ಮರುಸ್ಥಾಪನೆಗೇ ಸಂಸ್ಕೃತದ ಅಂಗಿ ತೊಡಿಸಿದಂತೆ, ಗೊಂದಲ ಹಾಗೆಯೇ ಉಳಿಯುತ್ತದೆ. ‘ಜೀರ್ಣೋದ್ಧಾರ’ ಸೊಗಸಾದ ಪದ, ಆದರೆ ಅದು ಕಾಲದಿಂದ ಶಿಥಿಲವಾದದ್ದನ್ನು ಎತ್ತಿ ನಿಲ್ಲಿಸುವುದಕ್ಕೆ. ನಿನ್ನೆ ನಕಲಿಸಿಟ್ಟ ಕಡತ ಇಂದಿಗೆ ಜೀರ್ಣವಾಗಿರುವುದಿಲ್ಲ. ‘ಯಥಾಸ್ಥಿತಿ’ ನ್ಯಾಯಾಲಯದ ಪದ, ಈಗ ಹೇಗಿದೆಯೋ ಹಾಗೆ ಬಿಡುವುದು ಎಂದು ಅದರ ಅರ್ಥ. ನಮಗೆ ಬೇಕಾದದ್ದು ಅದಲ್ಲ. ‘ಚೇತರಿಕೆ’ಯನ್ನು ನಾನು ರಿಕವರಿಗೆ ಮೀಸಲಿಡುತ್ತೇನೆ. ಕೆಟ್ಟ ಡಿಸ್ಕಿನಿಂದ, ಅಳಿಸಿಹೋದ ಜಾಗದಿಂದ ಹೆಕ್ಕಿ ತೆಗೆಯುವ ಕೆಲಸ ಅದು. ನಮ್ಮ ಬಳಿ ಒಳ್ಳೆಯ ಪ್ರತಿಯೇ ಇತ್ತು.

ಉಳಿದದ್ದು ‘ಮರಳಿಸು’. ಇದು ನನಗೆ ಬಹಳ ಹಿಡಿಸಿತು. ನೀರನ್ನು ಮರಳಿಸಿದರೆ ಕುದಿಸಿದಂತೆ ಎಂಬುದು ನಿಜ, ಆದರೆ ಸಂದರ್ಭ ಇದ್ದಾಗ ಯಾರೂ ಎಡವುವುದಿಲ್ಲ. ತೊಡಕು ಇರುವುದು ವಿಭಕ್ತಿಯಲ್ಲಿ. “ಕಡತಗಳನ್ನು ಸರ್ವರ್‌ಗೆ ಮರಳಿಸಿ” ಎಂದರೆ ಸ್ಪಷ್ಟವಾಗಿದೆ: ಏನನ್ನು, ಎಲ್ಲಿಗೆ ಎರಡೂ ಗೊತ್ತಾಗುತ್ತವೆ. “ಸರ್ವರನ್ನು ಮರಳಿಸಿ” ಎಂದು ಬರೆದರೆ? ಕೊಂಡ ಅಂಗಡಿಗೆ ಹಿಂದಕ್ಕೆ ಕೊಟ್ಟುಬಿಡಿ ಎಂದಂತೆ ಕೇಳುತ್ತದೆ. ಇಂಗ್ಲಿಷಿನ ರಿಸ್ಟೋರ್ ಎರಡನ್ನೂ ಕರ್ಮವಾಗಿ ನುಂಗುತ್ತದೆ, ಹಿಂದಕ್ಕೆ ಬರುವ ಕಡತವನ್ನೂ ನುಂಗುತ್ತದೆ, ಅದನ್ನು ಪಡೆದು ಮೊದಲಿನಂತಾಗುವ ಸರ್ವರನ್ನೂ ನುಂಗುತ್ತದೆ. ಕನ್ನಡ ಒಪ್ಪುವುದಿಲ್ಲ. ಆದ್ದರಿಂದ ಒಂದು ಪದಕ್ಕೆ ಒಂದು ಪದ ಹುಡುಕುವುದನ್ನು ಬಿಟ್ಟು, ಕಡತಕ್ಕೆ ‘ಮರಳಿಸು’, ಯಂತ್ರಕ್ಕೆ ‘ಹಿಂದಿನ ಸ್ಥಿತಿಗೆ ತರು’ ಎಂದು ಎರಡು ಮಾಡಿಕೊಂಡಿದ್ದೇನೆ. ಪಾರಿಭಾಷಿಕ ಪದದ ಪಟ್ಟಿ ಮಾಡುವವರಿಗೆ ಇದು ಇಷ್ಟವಾಗಲಾರದು, ಅವರ ಕೋಷ್ಟಕದಲ್ಲಿ ಒಂದು ಮನೆಗೆ ಒಂದೇ ಪದ ಕೂರಬೇಕು.

ಅದೇ ಟಿಪ್ಪಣಿಯಲ್ಲಿ ಇನ್ನೊಂದು ಪದವೂ ಕಾಡಿತು: ‘ಮೌಂಟ್’, ಎಂದರೆ ಡಿಸ್ಕಿನಲ್ಲಿರುವುದೆಲ್ಲ ಒಂದು ಕೋಶದೊಳಗೆ ಕಾಣುವಂತೆ ಮಾಡುವುದು. ಹೊಸ ಲಿನಕ್ಸ್ ಬಂದಾಗ ದೊಡ್ಡ ಡಿಸ್ಕು ಹಿಂದೆ ಯಾವ ಕೋಶದಲ್ಲಿ ಕಾಣಿಸಿಕೊಳ್ಳುತ್ತಿತ್ತೋ ಅದೇ ಕೋಶದಲ್ಲಿ ಕಾಣಿಸಬೇಕು. ಸರ್ವರ್‌ನ ಹಳೆಯ ದತ್ತಸಂಚಯದಲ್ಲಿ ಪ್ರತಿ ಚಿತ್ರದ ಪೂರ್ಣ ವಿಳಾಸ ಬರೆದಿರುತ್ತದೆ. ಕೋಶದ ಹೆಸರು ಒಂದಕ್ಷರ ಬದಲಾದರೂ ಹಳೆಯ ಚಿತ್ರಗಳೆಲ್ಲ ಕಾಣೆಯಾದವು, ಹೊಸವು ಬಂದವು ಎಂದು ಅದು ಲೆಕ್ಕ ಹಾಕುತ್ತದೆ. ಹೀಗಾಗಿ ಡಿಸ್ಕಿನ ಯುಯುಐಡಿ (ಅದೊಂದಕ್ಕೇ ಇರುವ ಗುರುತಿನ ಸಂಖ್ಯೆ) ಹಾಕಿ, ಯಾವ ಡಿಸ್ಕು ಯಾವ ಕೋಶದಲ್ಲಿ ಕಾಣಬೇಕೆಂದು ಲಿನಕ್ಸ್‌ಗೆ ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಬರೆಯಬೇಕು. ಇದನ್ನು ಹೇಳಲು ಹೊರಟಾಗ ‘ಆರೋಹಿಸು’ ಎಂಬ ಅನುವಾದ ಎದುರಾಯಿತು. “ಡಿಸ್ಕನ್ನು ಆರೋಹಿಸಿ” ಎಂದರೆ ಕನ್ನಡದಲ್ಲಿ ಡಿಸ್ಕಿನ ಮೇಲೆ ಹತ್ತಿ ನಿಲ್ಲಿ ಎಂದೇ ಅರ್ಥ, ಬೆಟ್ಟವನ್ನು ಆರೋಹಿಸಿದಂತೆ. ಇಂಗ್ಲಿಷಿನಲ್ಲಿ ಆ ಪದ ಬಂದದ್ದು ಯಂತ್ರ ನೋಡಿಕೊಳ್ಳುವವರು ಟೇಪಿನ ಸುರುಳಿಯನ್ನು ಕೈಯಿಂದ ಏರಿಸಿ ಕೂರಿಸುತ್ತಿದ್ದ ಕಾಲದಿಂದ. ‘ಜೋಡಿಸು’ ಎನ್ನಬಹುದಿತ್ತು, ಆದರೆ ಕೇಬಲ್ ಸಿಕ್ಕಿಸುವುದಕ್ಕೂ ಅದೇ ಪದ. ಕೇಬಲ್ ಜೋಡಿಸಿಯೂ ಡಿಸ್ಕು ಮೌಂಟ್ ಆಗದಿರಬಹುದು. ನಾನು ಬರೆದದ್ದು ‘ಕೂರಿಸು’: “ಡಿಸ್ಕನ್ನು ಹಳೆಯ ಕೋಶದಲ್ಲೇ ಕೂರಿಸಿ.” ಉಂಗುರದಲ್ಲಿ ಹರಳು ಕೂರಿಸುತ್ತೇವಲ್ಲ, ಹಾಗೆ. ಕೋಶ ಮೊದಲೇ ಖಾಲಿ ಇರುತ್ತದೆ, ಡಿಸ್ಕು ಬಂದು ಅದರಲ್ಲಿ ನೆಲೆಯಾಗುತ್ತದೆ. ಯಾರಿಗಾದರೂ ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

‘ಓನರ್‌ಶಿಪ್’ಗೆ ‘ಒಡೆತನ’ ತಕರಾರಿಲ್ಲದೆ ನಿಂತಿತು. ಕಡತದ ಒಡೆಯನನ್ನು ಲಿನಕ್ಸ್ ಹೆಸರಿನಿಂದ ಗುರುತಿಟ್ಟುಕೊಳ್ಳುವುದಿಲ್ಲ, ಸಂಖ್ಯೆಯಿಂದ ಗುರುತಿಟ್ಟುಕೊಳ್ಳುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಜೆಲ್ಲಿಫಿನ್ ಎಂಬ ಬಳಕೆದಾರನ ಸಂಖ್ಯೆ 112 ಇದ್ದು ಹೊಸದರಲ್ಲಿ 115 ಆಗಿದ್ದರೆ, ಮರಳಿಸಿದ ಕಡತಗಳು ಬೇರೆ ಯಾರದೋ ಪಾಲಾಗಿ ಸರ್ವರ್ ಅವುಗಳಿಗೆ ಏನನ್ನೂ ಬರೆಯಲಾರದು. “ಒಡೆತನ ಬದಲಿಸಿ” ಎಂದೆ, ಅತ್ತಿಗೆ ಮರುಮಾತಿಲ್ಲದೆ ಮಾಡಿದರು.

ಈಗ ತಿದ್ದಿದ ಸಾಲುಗಳು ಹೀಗಿವೆ: “ಮೊದಲು ಇದ್ದ ಆವೃತ್ತಿಯ ಸರ್ವರನ್ನೇ ಹೊಸದಾಗಿ ಸ್ಥಾಪಿಸಿ. ಬ್ರೌಸರ್ ತೆರೆಯಬೇಡಿ. ಸರ್ವರನ್ನು ನಿಲ್ಲಿಸಿ. ನಕಲಿಸಿಟ್ಟ ಕೋಶಗಳನ್ನು ಅವುಗಳ ಜಾಗಕ್ಕೆ ಮರಳಿಸಿ, ಒಡೆತನ ಸರಿಪಡಿಸಿ, ಆಮೇಲೆ ಶುರುಮಾಡಿ.” ಇದರಲ್ಲಿ ‘ಮರಳಿಸಿ’ ಓದುವವರಿಗೆ ತಟ್ಟನೆ ಹೊಳೆಯುತ್ತದೆಯೇ, ಅಥವಾ ‘ಹಿಂದಕ್ಕೆ ಹಾಕಿ’ ಎಂದೇ ಬಿಡಿಸಿ ಹೇಳಬೇಕೇ? ಮತ್ತು ಗುಂಡಿಯ ಮೇಲೆ ಒಂದೇ ಪದ ಹಿಡಿಸುವ ಜಾಗವಿದ್ದಾಗ ನೀವು ಏನು ಬರೆಯುತ್ತೀರಿ?

ಅತ್ತಿಗೆಯದೇ ಒಂದು ಪದವೂ ಕಣದಲ್ಲಿದೆ. ಎಲ್ಲ ಮುಗಿದ ಮೇಲೆ ಅವರು ಕಳುಹಿಸಿದ ಸಂದೇಶ: “ಎಲ್ಲವೂ ವಾಪಸ್ ತುಂಬಿದೆ.” ಅದನ್ನು ಓದಿದ ಕೂಡಲೇ ಇಷ್ಟು ದಿನ ನಿಘಂಟು ಮಗುಚಿದ್ದು ವ್ಯರ್ಥ ಎನಿಸಿತು. ‘ವಾಪಸ್ ತುಂಬು’, ಇದಕ್ಕಿಂತ ಸರಳವಾದದ್ದು ಬೇಕೇ? ಆದರೆ ನಾನು ಅದನ್ನು ಡಿಸ್ಕು ವಾಪಸ್ ತುಂಬಿಹೋಗಿದೆ, ಜಾಗವೇ ಉಳಿದಿಲ್ಲ ಎಂದು ಓದಿಕೊಂಡು ಗಾಬರಿಯಿಂದ ಫೋನ್ ಮಾಡಿದ್ದೆ.