ಅಪ್‌ಡೇಟ್: ಅಮ್ಮನಿಗೆ ಒಗ್ಗರಣೆ ವಾಸನೆ ಆಗದಿದ್ದದ್ದು

ಕೀಮೋ ಶುರುವಾದ ಮೇಲೆ ಅಮ್ಮನಿಗೆ ಒಗ್ಗರಣೆ ವಾಸನೆ ಸೋಕಿದರೂ ವಾಂತಿ ಬರುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಹೋದ ವಾರ ನಾಲ್ಕನೇ ಸುತ್ತಿನ ಕೀಮೋ ಮುಗೀತು. ದಾರಿ ಹೇಳಿದ ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ತಣ್ಣಗೆ ಮಾಡಿದ ಊಟ. ಬಿಸಿ ಅಡುಗೆಯ ಹಬೆ ಜೊತೆ ವಾಸನೆಯೂ ಏಳುತ್ತೆ, ತಣ್ಣಗಾದರೆ ಮೂಗಿಗೆ ಅಷ್ಟು ಬಡಿಯಲ್ಲ. ಜೀವನವಿಡೀ ನಮಗೆ ಬಿಸಿಬಿಸಿ ಬಡಿಸಿದವಳಿಗೆ ತಣ್ಣನೆ ತಟ್ಟೆ ಕೊಡೋಕೆ ನನಗೆ ಸಂಕಟವಾಗ್ತಿತ್ತು. ಆದರೆ ಇಂಗು, ಬೆಳ್ಳುಳ್ಳಿ ಇಲ್ಲದ ಮೊಸರನ್ನ ಅವಳಿಗೆ ಹೊಟ್ಟೆಗೆ ನಿಂತಿತು. ತೆಳ್ಳಗಿನ ರಾಗಿ ಗಂಜಿಯನ್ನ ಮುಚ್ಚಳವಿರೋ ಲೋಟದಲ್ಲಿ ಹಾಕಿ ಸ್ಟ್ರಾ ಕೊಡ್ತೀನಿ. ಸ್ಟೀಲ್ ಚಮಚ ಬಾಯಿಗಿಟ್ಟರೆ ಕಬ್ಬಿಣದ ರುಚಿ ಅಂತಿದ್ದಳು, ಈಗ ಮರದ್ದು. ಊದುಬತ್ತಿ, ಫಿನಾಯಿಲ್ ಎರಡೂ ಬಂದ್. ಕರ್ಚೀಫಿಗೆ ನೀಲಗಿರಿ ಎಣ್ಣೆ ಹಚ್ಚಿ ನೋಡಿದ್ದು ಮಾತ್ರ ಇನ್ನೂ ಕಷ್ಟ ಮಾಡಿತು.

ಒಂದು ವಿಷಯ ನಾನು ಮೊದಲೇ ಡಾಕ್ಟರಿಗೆ ಹೇಳಬೇಕಿತ್ತು. ಮೂರನೇ ಸಲ ವಾರ್ಡಿನ ಸ್ಯಾನಿಟೈಸರ್ ವಾಸನೆಗೇ, ಡ್ರಿಪ್ ಹಾಕೋ ಮೊದಲೇ, ವಾಂತಿ ಮಾಡಿಕೊಂಡಳು. ದೇಹ ಆ ವಾಸನೆಯನ್ನ ಕೀಮೋ ಜೊತೆ ಗಂಟುಹಾಕಿಕೊಂಡುಬಿಡುತ್ತೆ, ಇದು ಸುಮಾರು ಜನರಿಗೆ ಆಗುತ್ತೆ ಅಂದರು ಡಾಕ್ಟರು. ಹಿಂದಿನ ರಾತ್ರಿಗೆ ಒಂದು ಮಾತ್ರೆ ಸೇರಿಸಿದರು. ಈ ಸಲ ಬರೀ ಹೊಟ್ಟೆ ತೊಳೆಸಿತು, ಅಷ್ಟೇ. ಸುಮ್ಮನೆ ಸಹಿಸಿಕೊಳ್ಳಬೇಡಿ, ದಯವಿಟ್ಟು ಹೇಳಿ.

ನಿನ್ನೆ ತಾನಾಗೇ ಅಡುಗೆಮನೆ ಬಾಗಿಲವರೆಗೆ ಬಂದು ನಿಂತಿದ್ದಳು. ಕಾಫಿ ವಾಸನೆ ಇನ್ನೂ ಆಗಲ್ಲ. ಅಪ್ಪ ಬೀದಿ ಕೊನೆಯ ಹೋಟೆಲಲ್ಲಿ ಕುಡಿದು, ಬಾಯಿ ಮುಕ್ಕಳಿಸಿಕೊಂಡೇ ಮನೆಗೆ ಬರ್ತಾರೆ.