ಪೇಟೆ ನಡುವೆ, ಕೆರೆ ಎದುರು ಮನೆ: ಇದ್ದವರು ಹೇಳಿದ್ದು

ಕೇಳಿದವರು:

ಪೇಟೆ ಮಧ್ಯದಲ್ಲಿ, ಕೆರೆಗೆ ಮುಖ ಮಾಡಿರುವ ದೊಡ್ಡ ಕಟ್ಟಡವೊಂದರಲ್ಲಿ ಬಾಡಿಗೆಗೆ ಮನೆ ನೋಡಿದ್ದೇವೆ. ಹನ್ನೊಂದನೇ ಮಹಡಿ, ಪಶ್ಚಿಮಕ್ಕೆ ಬಾಲ್ಕನಿ. ನಾವಿಬ್ಬರು, ನಾಲ್ಕು ವರ್ಷದ ಮಗಳು, ಮಂಡಿ ನೋವಿರುವ ಅಪ್ಪ. ಎರಡು ಸಲ ಹೋಗಿದ್ದೆವು, ಎರಡು ಸಲವೂ ಬೆಳಗ್ಗೆ ಹನ್ನೊಂದಕ್ಕೆ. ಬಾಗಿಲು ತೆಗೆದ ಕೂಡಲೇ ಕಣ್ಣು ನೀರಿನ ಕಡೆ ಓಡುತ್ತದೆ, ಅಡುಗೆಮನೆ ಹೇಗಿತ್ತು ಅಂತ ಈಗ ಕೇಳಿದರೆ ನನಗೆ ನೆನಪಿಲ್ಲ. ನಮ್ಮ ಲೆಕ್ಕಕ್ಕಿಂತ ದುಡ್ಡು ಸ್ವಲ್ಪ ಜಾಸ್ತಿ. ಇಷ್ಟವಾದರೆ ಮುಂದೆ ಕೊಳ್ಳುವ ಯೋಚನೆಯೂ ಇದೆ. ಇಂಥ ಕಡೆ ಇದ್ದವರು ನಿಜವಾಗಿ ಹೇಗಿತ್ತು ಅಂತ ಹೇಳುತ್ತೀರಾ? ಹದಿನೈದು ದಿನದಲ್ಲಿ ಉತ್ತರ ಕೊಡಬೇಕು.

ಏಳು ವರ್ಷದಿಂದ ಇರುವವರು:

ಹನ್ನೊಂದು ಗಂಟೆಗೆ ಎಂಥ ಕೆರೆಯೂ ಚೆಂದವೇ. ಮನೆ ತೋರಿಸುವವರಿಗೆ ಅದು ಚೆನ್ನಾಗಿ ಗೊತ್ತು. ಇನ್ನು ಮೂರು ಸಲ ಹೋಗಿ: ಮಧ್ಯಾಹ್ನ ಮೂರಕ್ಕೆ, ದೀಪ ಹಚ್ಚುವ ಹೊತ್ತಿಗೆ, ರಾತ್ರಿ ಹನ್ನೊಂದಕ್ಕೆ. ಯಾಕೆ ಅಂತ ಹೇಳುತ್ತೇನೆ.

ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕೆರೆ ಕಡೆಯಿಂದ ತಂಪು ಗಾಳಿ ಬರುತ್ತದೆ. ರಾತ್ರಿ ಇದು ತಿರುಗುಮುರುಗು. ಕೆರೆ ದೊಡ್ಡದಾದಷ್ಟೂ ಇದು ಜೋರು. ಅಂದರೆ ಕೆರೆಯಲ್ಲಿ ಏನಿದೆಯೋ ಅದು ಮಧ್ಯಾಹ್ನ ನಿಮ್ಮ ಮನೆಗೆ ಬರುತ್ತದೆ. ನೀರು ಚೆನ್ನಾಗಿದ್ದರೆ ತಂಪು, ಚರಂಡಿ ಸೇರುತ್ತಿದ್ದರೆ ನಾತ. ಬೆಳಗ್ಗೆ ಹೋದವರಿಗೆ ಇದು ಗೊತ್ತಾಗುವುದೇ ಇಲ್ಲ.

ಸಂಜೆಯ ವಿಷಯ ಬೇರೆ. ನಮ್ಮ ಮೊದಲ ವರ್ಷ ಒಂದು ಸಂಜೆ ಬಾಲ್ಕನಿ ಗೋಡೆ ಪೂರ್ತಿ ಕಪ್ಪಾಗಿತ್ತು. ಸೊಳ್ಳೆ ಅಂದುಕೊಂಡು ಕಿರುಚಿಕೊಂಡು ಒಳಗೆ ಓಡಿದೆವು. ಸೊಳ್ಳೆಯಲ್ಲ, ಸೊಳ್ಳೆಯ ಹಾಗೇ ಕಾಣುವ, ಕಚ್ಚದ ಒಂದು ಹುಳು. ಅದರ ಮರಿ ಕೆರೆಯ ತಳದ ಕೆಸರಿನಲ್ಲಿ ಬೆಳೆಯುತ್ತದೆ. ಆಮ್ಲಜನಕ ಕಡಿಮೆ ಇರುವಲ್ಲೂ ಬದುಕಲು ಅದರ ಮೈಯಲ್ಲಿ ನಮ್ಮ ರಕ್ತದ ಹಾಗೆ ಹಿಮೋಗ್ಲೋಬಿನ್ ಇರುತ್ತದೆ, ಅದಕ್ಕೇ ಮರಿ ಕೆಂಪು. ರೆಕ್ಕೆ ಬಂದ ಮೇಲೆ ಕೆಲವೇ ದಿನದ ಬದುಕು. ಆದರೆ ಸಾವಿರಗಟ್ಟಲೆ ಒಟ್ಟಿಗೆ ಏಳುತ್ತವೆ, ನೇರ ದೀಪಕ್ಕೆ ಬರುತ್ತವೆ, ಬೆಳಗ್ಗೆ ಗುಡಿಸಿ ಹಾಕಬೇಕು. ಅವನ್ನು ತಿನ್ನಲು ಜೇಡ ಬರುತ್ತದೆ. ಹನ್ನೊಂದನೇ ಮಹಡಿಗೆ ಜೇಡ ಎಲ್ಲಿಂದ ಅಂತ ಕೇಳಬೇಡಿ, ನೂಲು ಬಿಟ್ಟು ಗಾಳಿಯಲ್ಲಿ ತೇಲಿಕೊಂಡೇ ಬರುತ್ತವೆ! ಬಾಲ್ಕನಿಗೆ ಬಿಳಿ ದೀಪ ಬೇಡ, ಮಂದವಾದ ಹಳದಿ ಹಾಕಿ. ಈ ಹುಳು ಏಳುವ ಕೆಲವು ವಾರ ಸಂಜೆಯಾದ ಕೂಡಲೇ ಪರದೆ ಎಳೆಯಿರಿ. ಇಷ್ಟರಲ್ಲೇ ಅರ್ಧ ತೊಂದರೆ ತಪ್ಪುತ್ತದೆ.

ನಿಜವಾದ ಸೊಳ್ಳೆ ಅಲೆಯಾಡುವ ಕೆರೆ ನಡುವಿನಿಂದ ಬರುವುದು ಕಡಿಮೆ. ದಡದಲ್ಲಿ ಕಳೆ ಬೆಳೆದು ನೀರು ನಿಂತ ಕಡೆ, ಚರಂಡಿ, ಮತ್ತೆ ನಿಮ್ಮದೇ ಹೂಕುಂಡದ ಕೆಳಗಿನ ತಟ್ಟೆ. ದಡದಲ್ಲಿ ಒಂದು ಸುತ್ತು ಹಾಕಿದರೆ ಅಂದಾಜು ಸಿಗುತ್ತದೆ.

ಇನ್ನು ರಾತ್ರಿ. ನೀರಿನ ಮೇಲಿನ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇದ್ದಾಗ ಸದ್ದು ಮೇಲೆ ಚದುರಿ ಹೋಗದೆ ಕೆಳಕ್ಕೆ ಬಾಗುತ್ತದೆ. ಎದುರು ದಡದಲ್ಲಿ ಯಾರೋ ನಕ್ಕರೆ ನಮ್ಮ ಮಲಗುವ ಕೋಣೆಯಲ್ಲಿ ಕೇಳುತ್ತದೆ. ಒಂದು ಸಲ ಒಬ್ಬರು ಫೋನಿನಲ್ಲಿ ಸಾಲ ಕೇಳುತ್ತಿದ್ದುದನ್ನು ಪೂರ್ತಿ ಕೇಳಿಸಿಕೊಂಡೆ, ಪಾಪ, ಸಿಗಲಿಲ್ಲ ಅನ್ನಿಸುತ್ತದೆ. ಎದುರು ದಡದಲ್ಲಿ ಪಾರ್ಟಿ ಮಾಡುವ ಜಾಗ ಇದೆಯಾ ನೋಡಿಕೊಳ್ಳಿ. ನಿಮ್ಮ ದಡದಲ್ಲಿ ಇರುವುದಕ್ಕಿಂತ ಅದೇ ಜಾಸ್ತಿ ಕಾಡುತ್ತದೆ.

ಪಶ್ಚಿಮದ ಬಾಲ್ಕನಿ ಅಂದಿರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸೂರ್ಯ ನೆತ್ತಿ ಮೇಲಿದ್ದಾಗ ನೀರು ಬೆಳಕನ್ನು ನುಂಗಿಕೊಳ್ಳುತ್ತದೆ, ವಾಪಸ್ಸು ಕೊಡುವುದು ನೂರಕ್ಕೆ ಎರಡು ಮೂರು ಪಾಲು. ಸೂರ್ಯ ಕೆಳಗಿಳಿದು ದಿಗಂತಕ್ಕೆ 10 ಡಿಗ್ರಿ ಹತ್ತಿರ ಬಂದಾಗ, ನೀರು ಅಲುಗದೆ ಇದ್ದರೆ, ಮೂರರಲ್ಲೊಂದು ಪಾಲು ತಿರುಗಿ ಬರುತ್ತದೆ. ಅಂದರೆ ಸಂಜೆ ನಿಮಗೆ ಒಂದೂ ಕಾಲಿಗಿಂತ ಜಾಸ್ತಿ ಸೂರ್ಯ. ಫೋಟೋಗೆ ಬಹಳ ಚೆನ್ನ. ಟಿವಿ ಮಾತ್ರ ಬಾಲ್ಕನಿಯ ಎದುರಿಗೆ ಇಡಬೇಡಿ.

ಎರಡು ವರ್ಷ ಇದ್ದು ಬಿಟ್ಟು ಬಂದವರು:

ಮೇಲಿನವರು ನಾತ ಅಂತ ಒಂದೇ ಮಾತಲ್ಲಿ ಮುಗಿಸಿದರು. ನಾವು ಬಿಟ್ಟಿದ್ದೇ ಅದಕ್ಕೆ. ನಮ್ಮ ಕೆರೆಗೆ ಕೊಳಚೆ ಸೇರುತ್ತಿತ್ತು. ಮೊದಲು ಗೊತ್ತಾದದ್ದು ಮೂಗಿಗಲ್ಲ, ಬೆಳ್ಳಿ ದೀಪಕ್ಕೆ. ತಿಕ್ಕಿ ಇಟ್ಟರೆ ವಾರದಲ್ಲಿ ಕಪ್ಪು. ಆಮೇಲೆ ಎಸಿ ಕೆಟ್ಟಿತು. ಗ್ಯಾಸ್ ತುಂಬಿಸಿದೆವು, ಮತ್ತೆ ಸೋರಿತು. ಎರಡು ವರ್ಷದಲ್ಲಿ ಮೂರು ಸಲ! ಕೊನೆಗೆ ರಿಪೇರಿಗೆ ಬಂದ ಹುಡುಗನೇ ಹೇಳಿದ, ‘ಈ ಸಾಲಿನ ಮನೆಗಳಿಗೆಲ್ಲ ನಾನೇ ಬರೋದು ಸಾರ್, ಕೆರೆ ಗಾಳಿ’ ಅಂತ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಅನಿಲ ತಾಮ್ರವನ್ನೂ ಬೆಳ್ಳಿಯನ್ನೂ ತಿನ್ನುತ್ತದೆ. ಎಷ್ಟೋ ಎಸಿಗಳಲ್ಲಿ ಗ್ಯಾಸ್ ಹರಿಯುವ ಕೊಳವೆ, ಅಂದರೆ ಕಾಯಿಲ್, ತಾಮ್ರದ್ದೇ ಅಲ್ವಾ? ಹಾಗಾಗಿ ಮನೆ ಮಾಲೀಕರನ್ನು ಕೇಳಬೇಡಿ, ಎಸಿ ರಿಪೇರಿಯವರನ್ನು ಕೇಳಿ. ಕಾಯಿಲ್‌ಗೆ ಲೇಪನ ಇರುವ ಎಸಿಗಳೂ ಸಿಗುತ್ತವೆ, ಆದರೆ ಬಾಡಿಗೆ ಮನೆಗೆ ಅದನ್ನು ಯಾರು ಹಾಕಿಸಿಕೊಡುತ್ತಾರೆ?

ಇನ್ನೊಂದು ದುಃಖ. ‘ಕೆರೆ ನೋಟ’ ಅಂತ ಬಾಡಿಗೆಯಲ್ಲೇ ಸೇರಿಸಿ ತೆಗೆದುಕೊಂಡಿದ್ದರು. ನಮಗೂ ನೀರಿಗೂ ನಡುವೆ ಖಾಲಿ ಜಾಗ ಇತ್ತು. ಎರಡನೇ ವರ್ಷ ಅಲ್ಲಿ ಕ್ರೇನ್ ಬಂತು. ನಡುವೆ ಇರುವ ಜಾಗ ಯಾರದು, ಅಲ್ಲಿ ಎಷ್ಟು ಮಹಡಿಗೆ ಅನುಮತಿ ಇದೆ ಅಂತ ಸಹಿ ಮಾಡುವ ಮೊದಲು ನೋಡಿ. ರಸ್ತೆ ಅಥವಾ ಸಾರ್ವಜನಿಕ ಉದ್ಯಾನ ಇದ್ದರೆ ಅಷ್ಟು ಭಯವಿಲ್ಲ.

ನಾಯಿ ಸಾಕಿದವರು:

ಒಂದೇ ಮಾತು. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕಂಡ ದಿನ ನಾಯಿಯನ್ನಾಗಲಿ ಮಗುವನ್ನಾಗಲಿ ನೀರಿಗೆ ಬಿಡಬೇಡಿ. ನೀಲಿ-ಹಸಿರು ಪಾಚಿ ಅನ್ನುತ್ತಾರೆ, ನಿಜವಾಗಿ ಅದು ಬ್ಯಾಕ್ಟೀರಿಯಾ. ಅದರಲ್ಲಿ ಕೆಲವು ವಿಷ ಬಿಡುತ್ತವೆ. ಆ ನೀರು ಕುಡಿದೋ, ಮೈ ನೆಕ್ಕಿಯೋ ಎಷ್ಟೋ ನಾಯಿಗಳು ಸತ್ತಿವೆ.

ಕಟ್ಟಡದ ಸಂಘದಲ್ಲಿ ಲೆಕ್ಕ ನೋಡುತ್ತಿದ್ದವರು:

ಎಲ್ಲರೂ ಮೇಲೆ ನಿಂತು ಕೆರೆ ನೋಡುತ್ತಿದ್ದೀರಿ. ದಯವಿಟ್ಟು ಬೇಸ್‌ಮೆಂಟಿಗೆ ಇಳಿಯಿರಿ. ದಡದ ಹತ್ತಿರ ನೆಲದೊಳಗಿನ ನೀರಿನ ಮಟ್ಟ ಹೆಚ್ಚುಕಡಿಮೆ ಕೆರೆ ಮಟ್ಟದಲ್ಲೇ ಇರುತ್ತದೆ. ಎರಡು ಮೂರು ಅಂತಸ್ತು ಕೆಳಗೆ ಪಾರ್ಕಿಂಗ್ ತೋಡಿದ್ದರೆ, ಆ ಪಾರ್ಕಿಂಗ್ ಕೆರೆಯ ನೀರಿಗಿಂತ ತಗ್ಗಿನಲ್ಲಿದೆ ಅಂತಲೇ ಅರ್ಥ. ಒಸರುವ ನೀರನ್ನು ಗುಂಡಿಗೆ ಹರಿಸಿ ಪಂಪಿನಿಂದ ಹೊರಗೆ ಹಾಕುತ್ತಿರುತ್ತಾರೆ. ಮಳೆ ಜೋರಾದಾಗ ಕೆರೆ ಏರುತ್ತದೆ, ಅದೇ ಹೊತ್ತಿಗೆ ಕರೆಂಟ್ ಹೋಗುತ್ತದೆ. ಹಾಗಾಗಿ ಪಂಪ್ ಎಷ್ಟಿವೆ ಅನ್ನುವುದಕ್ಕಿಂತ ಅವು ಜನರೇಟರಿಗೆ ಸೇರಿವೆಯಾ, ಆ ಜನರೇಟರ್ ಬೇಸ್‌ಮೆಂಟಿನಲ್ಲೇ ಇದೆಯಾ ಅಂತ ಕೇಳಿ. ನಗಬೇಡಿ, ನಮ್ಮಲ್ಲಿ ಅಲ್ಲೇ ಇತ್ತು. ಒಂದು ರಾತ್ರಿ ನೀರು ನುಗ್ಗಿ ಜನರೇಟರೇ ಮುಳುಗಿತು. ಲಿಫ್ಟ್ ನಾಲ್ಕು ದಿನ ಇಲ್ಲ.

ಗೋಡೆ ನೋಡಿ. ನೆಲದಿಂದ ಮೊಣಕಾಲೆತ್ತರಕ್ಕೆ ಬಿಳಿ ಪುಡಿ ಎದ್ದಿದ್ದರೆ ಅದು ನೀರು ಹಿಂದೆ ಬಿಟ್ಟು ಹೋದ ಉಪ್ಪು. ಹೊಸ ಬಣ್ಣ ಬಳಿದಿದ್ದರೆ ಇನ್ನೂ ಅನುಮಾನ ಪಡಿ. ವಿಮೆ ಇದೆ ಅಂದರೆ ಸುಮ್ನೆ ತಲೆಯಾಡಿಸಬೇಡಿ, ಪ್ರವಾಹ ಸೇರಿದೆಯಾ ಅಂತ ಓದಿ. ಎಷ್ಟೋ ಪಾಲಿಸಿಗಳಲ್ಲಿ ಅದು ಸೇರಿರುವುದಿಲ್ಲ.

ಕೊಳ್ಳುವುದಾದರೆ ಸಂಘದ ಕಳೆದ ಮೂರು ವರ್ಷದ ಸಭೆಯ ನಡಾವಳಿ ಕೇಳಿ ಪಡೆಯಿರಿ. ಮೇಂಟೆನೆನ್ಸ್ ಕಡಿಮೆ ಇದೆ ಅಂತ ಹಿಗ್ಗುವವರೇ ಜಾಸ್ತಿ. ದೊಡ್ಡ ರಿಪೇರಿಗೆ ಅಂತ ಕೂಡಿಟ್ಟ ನಿಧಿ ಖಾಲಿ ಇದ್ದು ಮೇಂಟೆನೆನ್ಸ್ ಕಡಿಮೆ ಇದ್ದರೆ, ಲಿಫ್ಟ್ ಬದಲಿಸುವ ವರ್ಷ ಆ ಖರ್ಚು ಎಲ್ಲರ ಮೇಲೂ ಒಟ್ಟಿಗೆ ಬೀಳುತ್ತದೆ. ಈಜುಕೊಳ, ಜಿಮ್ಮು, ಬಾಗಿಲಲ್ಲಿ ಸಲಾಮು ಹೊಡೆಯುವವರು ಎಲ್ಲಕ್ಕೂ ದುಡ್ಡು ಕೊಡುವುದು ನಾವೇ. ನಮ್ಮ ಕಟ್ಟಡದಲ್ಲಿ ಅರ್ಧ ಮನೆಗಳಿಗೆ ರಾತ್ರಿ ದೀಪವೇ ಹತ್ತುತ್ತಿರಲಿಲ್ಲ. ಕೊಂಡು ಬೀಗ ಹಾಕಿಟ್ಟವರು. ಅವರು ಸಭೆಗೂ ಬರರು, ವೋಟೂ ಹಾಕರು.

ಹತ್ತೊಂಬತ್ತನೇ ಮಹಡಿಯವರು:

ಇದನ್ನೆಲ್ಲ ಓದಿದರೆ ಕೆರೆ ಪಕ್ಕ ದೆವ್ವಗಳು ಮಾತ್ರ ಇರಬೇಕು ಅನ್ನಿಸುತ್ತದೆ. ನನಗೆ ಇಲ್ಲಿ ಸುಖವಾಗಿದೆ. ಕಾರು ಮಾರಿಬಿಟ್ಟೆ. ಆಫೀಸು, ಬ್ಯಾಂಕು, ದೊಡ್ಡ ಆಸ್ಪತ್ರೆ ಎಲ್ಲ ನಡೆದು ಹೋಗುವ ದೂರ. ದಿನಾ ಬೆಳಗ್ಗೆ ಐದೂವರೆಗೆ ಕೆರೆ ಸುತ್ತ ನಡೆಯುವವರು ಹತ್ತಾರು ಜನ. ಹೆಸರು ಗೊತ್ತಿಲ್ಲ, ಆದರೆ ಒಬ್ಬರು ಎರಡು ದಿನ ಬರದಿದ್ದರೆ ಉಳಿದವರು ವಿಚಾರಿಸುತ್ತಾರೆ. ಲಿಫ್ಟಿನಲ್ಲಿ ಆರು ವರ್ಷದಿಂದ ನೋಡುವ ಪಕ್ಕದ ಮನೆಯವರು ಮಾತ್ರ ಇನ್ನೂ ಫೋನು ನೋಡುತ್ತಾರೆ.

ಒಂದು ದೂರು ಇದೆ. ಕಾಫಿ ಕುಡಿಯಲು ಹದಿನಾಲ್ಕು ಜಾಗ, ಚಪ್ಪಲಿ ಹೊಲಿಸಲು ಒಂದೂ ಇಲ್ಲ. ರಜಾ ದಿನ ಓಟದ ಸ್ಪರ್ಧೆ, ಮೆರವಣಿಗೆ ಅಂತ ರಸ್ತೆ ಮುಚ್ಚಿದರೆ ನೆಂಟರು ಬರುವಂತಿಲ್ಲ. ಬಂದರೂ ಗಾಡಿ ನಿಲ್ಲಿಸಲು ಜಾಗವಿಲ್ಲ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಪಕ್ಕದಲ್ಲಿ ಕೂತು ಓದಿಸಿಕೊಂಡರು. ಅವರ ಪ್ರಶ್ನೆ: ಗಾಳಿ ಜೋರಿರುತ್ತದಾ? ಕೋಲು ಹಿಡಿದು ನಡೆಯುತ್ತಾರೆ.

ಏಳು ವರ್ಷದಿಂದ ಇರುವವರು:

ಒಳ್ಳೆ ಪ್ರಶ್ನೆ, ನನಗೆ ಹೊಳೆದೇ ಇರಲಿಲ್ಲ. ಮನೆಯೊಳಗಿನ ಗಾಳಿಗಿಂತ ಕಟ್ಟಡದ ಬಾಗಿಲ ಬಳಿಯ ಗಾಳಿ ಅಪಾಯ. ಬಯಲು ನೀರಿನ ಮೇಲಿಂದ ತಡೆಯಿಲ್ಲದೆ ಬಂದ ಗಾಳಿ ಎತ್ತರದ ಗೋಡೆಗೆ ಬಡಿದು ಕೆಳಕ್ಕೆ ಇಳಿಯುತ್ತದೆ, ಮೂಲೆಗಳಲ್ಲಿ ಇನ್ನೂ ರಭಸ. ನಮ್ಮ ಕಟ್ಟಡದ ಮೂಲೆಯಲ್ಲಿ ಕೊಡೆ ಮುರಿಯದ ದಿನವಿಲ್ಲ. ನಿಮ್ಮ ಬಾಗಿಲು ಮೂಲೆಯಲ್ಲಿದೆಯಾ, ಮೇಲೆ ಚಾವಣಿ ಚಾಚಿದೆಯಾ ನೋಡಿ. ಮನೆಯೊಳಗೆ ಎದುರುಬದುರು ಕಿಟಕಿ ತೆಗೆದಾಗ ಬಾಗಿಲು ಧಡಾರನೆ ಬಡಿಯುತ್ತದೆ. ಮಗಳ ಬೆರಳಿಗಾಗಿ ಬಾಗಿಲಿಗೆ ತಡೆ ಹಾಕಿಸಿ. ಬಾಲ್ಕನಿಯಲ್ಲಿ ಕಂಬಿಯ ಹತ್ತಿರ ಕುರ್ಚಿ, ಕುಂಡ ಏನೂ ಇಡಬೇಡಿ, ಮಕ್ಕಳು ಹತ್ತುತ್ತವೆ.

ಚಳಿ ದೇಶದಲ್ಲಿ ಇದ್ದವರು:

ನಮ್ಮ ಕೆರೆ ಹೆಪ್ಪುಗಟ್ಟುತ್ತಿತ್ತು. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ, ಆ ಹದಕ್ಕೆ ಬಂದ ಮೇಲಿನ ನೀರು ಕೆಳಕ್ಕೆ ಇಳಿಯುತ್ತದೆ. ಹಿಮ ಕರಗಿದ ಮೇಲೂ, ಚಳಿ ಶುರುವಾಗುವ ಮೊದಲೂ ಮೇಲಿನ ನೀರು, ತಳದ ನೀರು ಅದಲುಬದಲಾಗುತ್ತವೆ. ಆ ಕೆಲವು ದಿನ ತಳದ ಕೆಸರಿನ ವಾಸನೆ ಬರಬಹುದು, ಹೆದರಬೇಡಿ, ಹೋಗುತ್ತದೆ. ದೊಡ್ಡ ಕೆರೆಯಾದರೆ ದಡದ ಮನೆಗೆ ವಸಂತ ತಡ, ಚಳಿಯೂ ತಡ. ಎರಡು ಬೀದಿ ಆಚೆ ಜನ ಕೋಟು ತೆಗೆದಿದ್ದರೂ ನಾವು ಸ್ವೆಟರಿನಲ್ಲೇ ಇರುತ್ತಿದ್ದೆವು. ನಿಮ್ಮ ಕಡೆ ಸೆಖೆಯಾದರೆ ಇದು ಬಿಟ್ಟು ಮುಂದೆ ಓದಿ.

ಕೇಳಿದವರು, ಹತ್ತು ದಿನದ ನಂತರ:

ಹೋಗಿ ಬಂದೆವು. ಮಧ್ಯಾಹ್ನ ಮೂರಕ್ಕೆ ನಾತ ಇರಲಿಲ್ಲ. ಎಸಿ ರಿಪೇರಿಯವರು ‘ಇಲ್ಲಿ ಅಂಥದ್ದೇನೂ ಇಲ್ಲ’ ಅಂದರು, ಸಮಾಧಾನ. ಸಂಜೆ ಆರೂವರೆಗೆ ಆ ಬಾಲ್ಕನಿಯಲ್ಲಿ ಐದು ನಿಮಿಷ ನಿಲ್ಲಲಾಗಲಿಲ್ಲ, ಅಷ್ಟು ಬಿಸಿಲು. ಬಾಗಿಲು ಮೂಲೆಯಲ್ಲೇ ಇದೆ, ಅಪ್ಪ ನನ್ನ ತೋಳು ಹಿಡಿದುಕೊಂಡರು. ಬೇಸ್‌ಮೆಂಟ್ ತೋರಿಸಿ ಅಂದಾಗ ತೋರಿಸಲು ಬಂದವರ ಮುಖ ನೋಡಬೇಕಿತ್ತು. ಜನರೇಟರ್ ಮಾತ್ರ ಮೇಲೆ, ನೆಲಮಟ್ಟದಲ್ಲೇ ಇದೆ.

ಅದೇ ರಸ್ತೆಯಲ್ಲಿ, ಕೆರೆಯಿಂದ ಮೂರನೇ ಸಾಲಿನ ಹಳೇ ಕಟ್ಟಡದಲ್ಲಿ ನಾಲ್ಕನೇ ಮಹಡಿ ಖಾಲಿ ಇತ್ತು. ಒಂದು ವರ್ಷಕ್ಕೆ ಅದನ್ನೇ ಹಿಡಿದೆವು. ಅಡುಗೆಮನೆ ಕಿಟಕಿಯಿಂದ ಬಗ್ಗಿ ನೋಡಿದರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಗೇಣು ನೀರು ಕಾಣುತ್ತದೆ. ಅಪ್ಪ ಅದಕ್ಕೇ ಅಲ್ಲೊಂದು ಕುರ್ಚಿ ಹಾಕಿಸಿದ್ದಾರೆ.

ಕಟ್ಟಡದ ಸಂಘದಲ್ಲಿ ಲೆಕ್ಕ ನೋಡುತ್ತಿದ್ದವರು:

ಹಳೇ ಕಟ್ಟಡ ಅಂದಿರಿ. ನೀರಿನ ಪೈಪು ಯಾವಾಗ ಬದಲಿಸಿದ್ದಾರೆ ಅಂತ ಕೇಳಿದಿರಾ?